ಎರಡನೇ ದೇಶದ ಏಜೆಂಟ್

ಮಾರ್ಚ್ 4, ಮಂಗಳವಾರ, ಬೆಳಿಗ್ಗೆ ಹತ್ತು ಮುಕ್ಕಾಲು. ಸೀತಾಂಗೋಳಿ ಜಂಕ್ಷನ್ನಿನಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲಿರುವ ನಮ್ಮ ಆಫೀಸಿಗೆ ಅಡಿಕೆಯ ಹಾಳೆತಟ್ಟೆ ಮಾಡುವ ಅಕ್ಕ ಬಂದು, ಚಪ್ಪಲಿ ಬಿಡುವ ಮೊದಲೇ ಎರಡು ವಿಷಯ ಹೇಳಿದರು. ಮಸ್ಕತ್ತಿನ ಖರೀದಿದಾರ ಅವರ ತಟ್ಟೆಯನ್ನು ಒಪ್ಪಿದ್ದಾನೆ. ಆದರೆ ಅವನ ಬ್ಯಾಂಕು ಒಂದು ಷರತ್ತು ಹಾಕಿದೆ.

ನಾನು ಆ ಆಫೀಸಿನ ದಾಖಲೆ ವಿಭಾಗ. ವಿಭಾಗ ಎಂದರೆ ನಾನೊಬ್ಬಳೇ, ಒಂದು ಕಂಪ್ಯೂಟರ್, ಒಂದು ಸ್ಕ್ಯಾನರ್. ಮಾಲೀಕರು ಮೊದಲು ದುಬೈಯಲ್ಲಿ ಗೋಡೌನ್ ನೋಡಿಕೊಂಡಿದ್ದವರು, ಊರಿಗೆ ಬಂದು ಈ ಕಾರ್ಗೋ ವ್ಯವಹಾರ ಶುರುಮಾಡಿದವರು. ಗಲ್ಫಿನಲ್ಲಿರುವ ನಮ್ಮೂರಿನವರಿಗೆ ಮನೆಯವರು ಕಳಿಸುವ ಪೆಟ್ಟಿಗೆಗಳನ್ನೂ ಸುತ್ತಮುತ್ತಲಿನ ಸಣ್ಣ ಘಟಕಗಳ ಮಾಲನ್ನೂ ಒಟ್ಟುಗೂಡಿಸಿ, ಒಂದೇ ಕಂಟೈನರಿನಲ್ಲಿ ತುಂಬಿ, ಮಂಗಳೂರು ಬಂದರಿನಿಂದ ಹಡಗು ಹತ್ತಿಸುವುದು ನಮ್ಮ ಕೆಲಸ.

ಬ್ಯಾಂಕಿನ ಷರತ್ತು ಹೀಗಿತ್ತು. ಅಕ್ಕನ ಶೆಡ್ಡಿನಿಂದ ಹೊರಟ ಮಾಲು ಲಾರಿಯಲ್ಲಿ ಮಂಗಳೂರಿಗೆ, ಹಡಗಿನಲ್ಲಿ ದುಬೈಗೆ, ಅಲ್ಲಿಂದ ಪುನಃ ಲಾರಿಯಲ್ಲಿ ಮಸ್ಕತ್ತಿಗೆ ಹೋಗಬೇಕು. ಈ ಮೂರು ಹಂತಕ್ಕೂ ಸೇರಿ ಒಂದೇ ಸಾಗಣೆ ಪತ್ರ ಇರಬೇಕು. ಆ ಪತ್ರ ಕೊಡುವ ಸಂಸ್ಥೆ ಸರಕಾರದಲ್ಲಿ ನೋಂದಾಯಿತವಾಗಿರಬೇಕು. ಹಡಗು ಮೇ 15ರ ಒಳಗೆ ಮಂಗಳೂರು ಬಿಟ್ಟಿರಬೇಕು. ಇಷ್ಟಾದರೆ ಬ್ಯಾಂಕು ಹಣ ಕೊಡುತ್ತದೆ. ಒಂದು ತಪ್ಪಿದರೂ ಆರ್ಡರ್ ಇಲ್ಲ.

"ನಿಮ್ಮಲ್ಲಿ ಆ ರಿಜಿಸ್ಟ್ರೇಷನ್ ಉಂಟಾ?" ಎಂದು ಅಕ್ಕ ಕೇಳಿದರು.

"ಇಲ್ಲ. ಮಾಡಿಸುವ. ಎಂತ ದೊಡ್ಡ ವಿಷಯ?" ಎಂದರು ಮಾಲೀಕರು.

"ನೀವು 'ಎಂತ ದೊಡ್ಡ ವಿಷಯ' ಅಂತ ಹೇಳಿದಾಗಲೇ ನನಗೆ ಹೆದರಿಕೆ ಶುರುವಾಗುವುದು."

ಅಕ್ಕನ ಹೆದರಿಕೆಗೆ ಕಾರಣ ಇತ್ತು. ಎಣ್ಮಕಜೆಯ ಅವರ ಶೆಡ್ಡಿನಲ್ಲಿ ಒಂಬತ್ತು ಮಂದಿ ಹೆಂಗಸರು ಬಿಸಿ ಅಚ್ಚಿನಲ್ಲಿ ಹಾಳೆ ಒತ್ತುತ್ತಾರೆ. ಹಾಳೆತಟ್ಟೆಗೆ ತೇವ ತಾಗಬಾರದು. ಮಳೆ ಹಿಡಿದ ಮೇಲೆ ಶೆಡ್ಡಿನಲ್ಲಿ ಉಳಿದ ತಟ್ಟೆಗೆ ಫಂಗಸ್ ಬರುತ್ತದೆ. ಹಿಂದಿನ ವರ್ಷ ಹೀಗೆ ಉಳಿದದ್ದನ್ನು ಅವರು ಬಚ್ಚಲ ಒಲೆಗೆ ಹಾಕಿ ಮುಗಿಸಿದ್ದರು. ಅದರ ನಂತರ ಸಿಕ್ಕಿದ ಮೊದಲ ದೊಡ್ಡ ಆರ್ಡರ್ ಇದು.

ಅಲ್ಲಿಯವರೆಗೆ ನಮಗೆ ನೋಂದಣಿ ಇಲ್ಲದೆ ನಡೆದದ್ದು ಹೇಗೆ ಎಂದರೆ, ಮಾಲು ನಾವು ಒಟ್ಟು ಮಾಡಿದರೂ ಪತ್ರ ಮಂಗಳೂರಿನ ಒಂದು ನೋಂದಾಯಿತ ಕಂಪೆನಿಯದ್ದು. ಫೆಬ್ರವರಿಯಲ್ಲಿ ಆ ಕಂಪೆನಿಯವರು ಇನ್ನು ಹೀಗೆ ಆಗುವುದಿಲ್ಲ ಎಂದರು. ಬೇರೆಯವರು ಒಟ್ಟುಗೂಡಿಸಿದ ಮಾಲಿಗೆ ತಾವು ಹೊಣೆ ಹೊರುವುದಿಲ್ಲ, ಗಿರಾಕಿ ನೇರವಾಗಿ ತಮ್ಮಲ್ಲಿಗೆ ಬಂದು ಮೂರು ಸಾಗಣೆಗೆ ಒಪ್ಪಂದ ಮಾಡಿಕೊಂಡರೆ ಮಾತ್ರ ಪತ್ರ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಅಕ್ಕ ಅವರಲ್ಲಿಗೆ ಹೋದರೆ ನಮ್ಮ ಅತಿ ದೊಡ್ಡ ಗಿರಾಕಿ ಹೋದ ಹಾಗೆ. ಅಕ್ಕನಿಗೂ ಮನಸ್ಸಿರಲಿಲ್ಲ. ಮಂಗಳೂರಿನವರು ಮಾಲನ್ನು ಮೊದಲೇ ತಮ್ಮ ಗೋಡೌನಿಗೆ ತಂದಿಡಲು ಹೇಳುತ್ತಾರೆ. ಸಮುದ್ರದ ಬದಿಯ ಗಾಳಿಯಲ್ಲಿ ತಟ್ಟೆ ತೇವ ಎಳೆದುಕೊಂಡರೆ ಕೇಳುವವರಿಲ್ಲ.

"ಮೇ ಹದಿನೈದರ ಒಳಗೆ ಆಗ್ತದಾ, ಇಲ್ವಾ? ಈಗಲೇ ಹೇಳಿ. ಹೆಂಗಸರಿಗೆ ನಾನು ನಾಳೆಯಿಂದ ಎರಡು ಪಾಳಿ ಹೇಳ್ಬೇಕು," ಎಂದರು ಅಕ್ಕ.

"ಆಗ್ತದೆ," ಎಂದರು ಮಾಲೀಕರು. ನಾನು ಡೈರಿಯಲ್ಲಿ ಆ ಶಬ್ದವನ್ನು ಬರೆದು ಪಕ್ಕದಲ್ಲಿ ಸಮಯ ಹಾಕಿದೆ. 11.05.

ನೋಂದಣಿ ಕೊಡುವುದು ಮುಂಬಯಿಯ ನೌಕಾಯಾನ ಇಲಾಖೆ. ಅರ್ಜಿ ಆನ್‌ಲೈನ್. ಸಂಸ್ಥೆಗೆ ಇಂತಿಷ್ಟು ವಹಿವಾಟು ಇದೆ ಎಂದು ಲೆಕ್ಕ ಪರಿಶೋಧಕರು ದೃಢೀಕರಿಸಬೇಕು. ಮಾಲಿಗೆ ಹಾನಿಯಾದರೆ ಪರಿಹಾರ ಕೊಡಲು ಹೊಣೆಗಾರಿಕೆ ವಿಮೆ ಇರಬೇಕು. ಕೊಡುವ ಸಾಗಣೆ ಪತ್ರದ ನಮೂನೆಗೆ ಇಲಾಖೆಯ ಒಪ್ಪಿಗೆ ಬೇಕು. ಇವೆಲ್ಲದರ ಜೊತೆಗೆ, ಕನಿಷ್ಠ ಎರಡು ಬೇರೆ ದೇಶಗಳಲ್ಲಿ ಸಂಸ್ಥೆಗೆ ಕಚೇರಿಯೋ ಏಜೆಂಟರೋ ಇರಬೇಕು.

ಮಾರ್ಚ್ ತಿಂಗಳು ಮೊದಲಿನ ಮೂರಕ್ಕೆ ಹೋಯಿತು. ಕಾಸರಗೋಡಿನ ಲೆಕ್ಕ ಪರಿಶೋಧಕರ ಆಫೀಸಿನಲ್ಲಿ ವರ್ಷಾಂತ್ಯದ ಗಡಿಬಿಡಿ. ನಾಲ್ಕು ಸಲ ಹೋದೆ, ನಾಲ್ಕನೇ ಸಲ ಪ್ರಮಾಣಪತ್ರ ಸಿಕ್ಕಿತು. ವಿಮೆ ಮಾತ್ರ ಬೇಗ ಆಯಿತು. ಅರ್ಜಿಯ ಜೊತೆ ಲಗತ್ತಿಸಲೆಂದು ಪಂಚಾಯತ್ ಪರವಾನಗಿ ತೆಗೆದು ನೋಡಿದರೆ ಅದರಲ್ಲಿ ನಮ್ಮ ವ್ಯಾಪಾರ "ಎಸ್.ಟಿ.ಡಿ. ಬೂತ್ ಮತ್ತು ಪಾರ್ಸೆಲ್" ಎಂದಿತ್ತು. ಮಾಲೀಕರು ಅಂಗಡಿ ವಹಿಸಿಕೊಂಡಾಗ ಹಳಬರ ಪರವಾನಗಿಯನ್ನೇ ತಮ್ಮ ಹೆಸರಿಗೆ ಮಾಡಿಸಿ, ವರ್ಷ ವರ್ಷ ಅದನ್ನೇ ನವೀಕರಿಸಿಕೊಂಡು ಬಂದಿದ್ದರು. ಪಂಚಾಯತಿನ ಗುಮಾಸ್ತರು ಅದನ್ನು ಓದಿ, "ಬೂತ್ ಈಗಲೂ ಉಂಟಾ?" ಎಂದು ಗಂಭೀರವಾಗಿ ಕೇಳಿದರು. ಇಲ್ಲ ಎಂದೆ. "ಮತ್ತೆ ಹೇಗೆ ನವೀಕರಿಸಿದ್ದು?" ಎಂದು ಅವರೇ ಯೋಚನೆ ಮಾಡಿ, ನವೀಕರಿಸಿದ ಸಹಿ ತಮ್ಮ ಆಫೀಸಿನದ್ದೇ ಎಂದು ಕಂಡ ಮೇಲೆ ಮುಂದೆ ಕೇಳಲಿಲ್ಲ. ತಿದ್ದುಪಡಿಗೆ ಎಂಟು ದಿನ ಹಿಡಿಯಿತು.

ಸಾಗಣೆ ಪತ್ರದ ನಮೂನೆಯನ್ನು ನಾನೇ ಮಾಡಿದೆ. ಕಳಿಸುವವರು, ಪಡೆಯುವವರು, ಮಾಲಿನ ವಿವರ, ಎಲ್ಲಿ ಸ್ವೀಕರಿಸಿದ್ದು, ಎಲ್ಲಿ ಒಪ್ಪಿಸುವುದು, ಹೊಣೆಯ ಮಿತಿ. ಬರೆಯುತ್ತಾ ಹೋದಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಹಡಗಿನ ಕಂಪೆನಿ ಬಂದರಿನಿಂದ ಬಂದರಿಗೆ ಹೊಣೆ. ಲಾರಿಯವನು ರಸ್ತೆಗೆ ಹೊಣೆ. ಇವರಿಬ್ಬರ ನಡುವೆ ಮಾಲು ಎಲ್ಲಿ ಹಾಳಾಯಿತು ಎಂದು ಎಣ್ಮಕಜೆಯಲ್ಲಿ ಕೂತ ಅಕ್ಕ ಸಾಬೀತು ಮಾಡಲಾರರು. "ಎಲ್ಲಿ ಹಾಳಾದರೂ ನನ್ನನ್ನು ಕೇಳಿ" ಎಂದು ಒಬ್ಬರು ಬರೆದುಕೊಡಬೇಕು. ನೋಂದಣಿ ಎಂದರೆ ಹಾಗೆ ಬರೆದುಕೊಡುವ ಯೋಗ್ಯತೆ ಇದೆಯೇ ಎಂದು ಮೊದಲೇ ನೋಡುವುದು. ಅಷ್ಟೇ.

ವಿದೇಶದ ಏಜೆಂಟರ ಕಲಮಿನಲ್ಲಿ ಮಾಲೀಕರು ಹೇಳಿದ ಎರಡು ಹೆಸರು ಹಾಕಿ ಮಾರ್ಚ್ 24ರಂದು ಅರ್ಜಿ ಕಳಿಸಿದೆ. ಏಪ್ರಿಲ್ 2ರಂದು ಮುಂಬಯಿಯಿಂದ ಆಕ್ಷೇಪಣೆ ಬಂತು. ಉಳಿದದ್ದು ಸರಿ ಇದೆ. ಇಬ್ಬರು ಏಜೆಂಟರೊಂದಿಗೆ ಮಾಡಿಕೊಂಡ ಸಹಿಯಾದ ಒಪ್ಪಂದವನ್ನೂ ಅವರ ವ್ಯಾಪಾರ ಪರವಾನಗಿಯನ್ನೂ ಏಪ್ರಿಲ್ 30ರ ಒಳಗೆ ಲಗತ್ತಿಸಿ.

ನಾನು ಅದನ್ನು ಓದಿ ಹೇಳಿದಾಗ ಮಾಲೀಕರು ನಕ್ಕರು.

"ಒಪ್ಪಂದ ಎಂತದ್ದು ಮಾರಾಯ್ತಿ? ದುಬೈಯಲ್ಲಿ ಇರುವುದು ನನ್ನ ತಂಗಿಯ ಗಂಡ. ಬಹರೈನಿನಲ್ಲಿ ಅಣ್ಣನ ಮಗ."

"ಅವರ ಜೊತೆ ಬರವಣಿಗೆಯಲ್ಲಿ ಎಂತದ್ದೂ ಇಲ್ವಾ, ಸರ್?"

"ತಂಗಿಯ ಮದುವೆ ಕಾಗದ ಉಂಟು. ಅದು ಆಗ್ತದಾ ಕೇಳು."

ನಮ್ಮ ವ್ಯವಹಾರ ನಿಜವಾಗಿಯೂ ಹಾಗೆಯೇ ನಡೆದು ಬಂದಿತ್ತು. ದುಬೈಯ ಭಾವನಿಗೆ ಅಲ್ಲಿ ಪರವಾನಗಿ ಇರುವ ಸ್ವಂತ ಕಾರ್ಗೋ ಗೋಡೌನ್ ಇದೆ. ಕಂಟೈನರ್ ಹೊರಟಾಗ ಮಾಲೀಕರು ಅವರಿಗೊಂದು ಧ್ವನಿ ಸಂದೇಶ ಕಳಿಸುತ್ತಿದ್ದರು. ಭಾವ ಬಿಡಿಸಿಕೊಂಡು, ಮನೆಮನೆಗೆ ಮುಟ್ಟಿಸಿ, ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದರು. ಬಹರೈನಿನ ಅಣ್ಣನ ಮಗ ಪೆಟ್ಟಿಗೆಗಳನ್ನು ತನ್ನ ರೂಮಿನಲ್ಲಿಟ್ಟು, ಶುಕ್ರವಾರ ಪೂಜೆ ಮುಗಿಸಿ ಇಗರ್ಜಿಯಿಂದ ಹೊರಬಂದವರಿಗೆ ಕೊಡುತ್ತಿದ್ದ. ನಾನು ಸೇರಿದ ಮೇಲೆ ಒಂದು ಪೆಟ್ಟಿಗೆಯೂ ಕಾಣೆಯಾಗಿಲ್ಲ. ಒಂದಕ್ಕೂ ರಸೀದಿ ಇಲ್ಲ.

ನಾನು ಎರಡು ದಿನದಲ್ಲಿ ಒಪ್ಪಂದದ ಕರಡು ಮಾಡಿದೆ. ದುಬೈಗೆ ಇ-ಮೇಲ್ ಮಾಡಲೇ ಎಂದು ಕೇಳಿದಾಗ ಮಾಲೀಕರು ಕುರ್ಚಿಯಿಂದ ಎದ್ದುಬಿಟ್ಟರು.

"ಬೇಡ, ಬೇಡ. ಭಾವನಿಗೆ ಇ-ಮೇಲ್ ಮಾಡಿದ್ರೆ ವಕೀಲರ ನೋಟೀಸ್ ಹೋದ ಹಾಗೆ ಆಗ್ತದೆ. ಅವರು ನಮ್ಮ ಮನೆಯ ಅಳಿಯ. ಮಗಳ ಮದುವೆಗೆ ಬರ್ತಾರಲ್ಲ, ಆಗ ಎದುರೆದುರು ಮಾತಾಡುವ."

ಮಾಲೀಕರ ಮಗಳ ಮದುವೆ ಏಪ್ರಿಲ್ 28ಕ್ಕೆ ನಿಶ್ಚಯವಾಗಿತ್ತು. ತಪಸ್ಸುಕಾಲ ಮುಗಿದು ಈಸ್ಟರ್ ಕಳೆಯದೆ ಅವರಲ್ಲಿ ಮದುವೆ ಇಲ್ಲ. ಮುಂಬಯಿಯ ಗಡುವು ಏಪ್ರಿಲ್ 30. ಎರಡನ್ನೂ ಕ್ಯಾಲೆಂಡರಿನಲ್ಲಿ ತೋರಿಸಿದೆ. "ಸಾಕಲ್ಲ, ಎರಡು ದಿನ ಮಧ್ಯೆ ಉಂಟು," ಎಂದರು. ಈ ಸಂಕೋಚದಲ್ಲಿ ನಮ್ಮ ಮೂರು ವಾರ ಹೋಯಿತು. ನಾನು ಬೇರೆ ಕಡೆ ಕೆಲಸ ಮಾಡಿದವಳಲ್ಲ, ಆದರೂ ಇದು ನಮ್ಮ ಕಡೆಯವರೇ ಮಾಡುವ ತಪ್ಪು ಎಂದು ತೋರುತ್ತದೆ. ಮಾಲನ್ನು ಕಣ್ಣುಮುಚ್ಚಿ ಭಾವನ ಕೈಗೆ ಕೊಡುತ್ತೇವೆ. ಒಂದು ಸಹಿ ಕೇಳಲು ಬಾಯಿ ಬರುವುದಿಲ್ಲ.

ಅಣ್ಣನ ಮಗನಿಗೆ ಮಾತ್ರ ಫೋನ್ ಮಾಡಿದರು, ಸ್ಪೀಕರ್ ಹಾಕಿ. ಚಿಕ್ಕವನಲ್ಲವೇ, ಸಂಕೋಚ ಇಲ್ಲ.

"ನಿನ್ನ ಟ್ರೇಡ್ ಲೈಸೆನ್ಸ್ ಒಂದು ಕಳಿಸು ಮಾರಾಯ."

"ಯಾವ ಲೈಸೆನ್ಸ್? ಡ್ರೈವಿಂಗಾ?"

"ಕಾರ್ಗೋದ್ದು."

"ನನಗೆ ಎಲ್ಲಿಯ ಕಾರ್ಗೋ, ಬಾಪ್ಪು? ನಾನು ಸೂಪರ್ ಮಾರ್ಕೆಟಿನಲ್ಲಿ ಅಲ್ವಾ ಇರುವುದು? ಪೆಟ್ಟಿಗೆ ನಿಮಗೆ ಬೇಕಾಗಿ ಇಟ್ಟುಕೊಳ್ಳುವುದು, ರೂಮಿನವರ ಬೈಗುಳ ತಿಂದುಕೊಂಡು."

ಬಾಪ್ಪು ಎಂದರೆ ಅವರ ಕೊಂಕಣಿಯಲ್ಲಿ ಚಿಕ್ಕಪ್ಪ. ಚಿಕ್ಕಪ್ಪ ಫೋನನ್ನು ನನ್ನ ಕಡೆಗೆ ದೂಡಿದರು. ಆಚೆಯಿಂದ ಸಮಾಧಾನದ ಸ್ವರ ಬಂತು. "ಕಾಗದ ಬೇಕಾದ್ರೆ ಸಹಿ ಹಾಕಿ ಕಳಿಸ್ತೇನೆ. ಸೀಲೂ ಹೊಡಿತೇನೆ. ಸೀಲ್ ಇಲ್ಲಿ ಬೇಕಾದಷ್ಟು ಉಂಟು."

ಏಪ್ರಿಲ್ 27, ಭಾನುವಾರ, ಸಂಜೆ. ಮಾಲೀಕರ ಅಂಗಳದಲ್ಲಿ ಚಪ್ಪರ, ಬ್ಯಾಂಡು. ಮದುವೆಯ ಹಿಂದಿನ ದಿನ ಅವರಲ್ಲಿ ರೋಸ್ ನಡೆಯುತ್ತದೆ. ಮದುಮಗಳನ್ನು ಕೂರಿಸಿ ಹಿರಿಯರು ಒಬ್ಬೊಬ್ಬರಾಗಿ ತೆಂಗಿನ ಹಾಲು ಹಚ್ಚುತ್ತಾರೆ. ನಾನು ಕೈಚೀಲದಲ್ಲಿ ಒಪ್ಪಂದದ ಎರಡು ಪ್ರತಿ ಇಟ್ಟುಕೊಂಡು ಹೋಗಿದ್ದೆ. ಮಾಲೀಕರು ನನ್ನನ್ನು ಕಂಡು, "ಈಗ ಕೇಳು, ಈಗ ಖುಷಿಯಲ್ಲಿದ್ದಾರೆ," ಎಂದು ಕಿವಿಯಲ್ಲಿ ಹೇಳಿ ಅಡುಗೆಯವರ ಕಡೆಗೆ ಹೋದರು.

ಭಾವ ಆಗಷ್ಟೇ ಮದುಮಗಳ ತಲೆಗೆ ತೆಂಗಿನ ಹಾಲು ಸುರಿದು ಬಂದಿದ್ದರು. ಮೊಣಕೈವರೆಗೆ ಹಾಲು ಇಳಿಯುತ್ತಿತ್ತು.

"ಓಹೋ, ಆಫೀಸೂ ರೋಸಿಗೆ ಬಂದಿದೆ!" ಎಂದರು.

"ಒಂದು ಸಹಿ ಬೇಕಿತ್ತು, ಅಂಕಲ್."

"ಈ ಕೈಯಲ್ಲಾ? ಹಿಡಿ ನೋಡುವ, ಓದ್ತೇನೆ."

ನಾನು ಕಾಗದ ಹಿಡಿದು ನಿಂತೆ. ಅವರು ಕೈಗಳನ್ನು ದೂರ ಚಾಚಿಕೊಂಡು ಓದಿದರು. ಪುಟ ತಿರುಗಿಸು ಎಂದು ಗಲ್ಲದಲ್ಲಿ ಸನ್ನೆ ಮಾಡಿದರು. ಏಳನೇ ಕಲಂಗೆ ಬಂದಾಗ ನಿಂತರು. ಮಾಲು ಏಜೆಂಟರ ವಶದಲ್ಲಿರುವಾಗ ಹಾನಿಯಾದರೆ ಏಜೆಂಟರು ಹೊಣೆ ಎಂಬ ಕಲಂ ಅದು. ಅವರು ಮೊದಲು ಕೊಂಕಣಿಯಲ್ಲಿ ಏನೋ ಕೂಗಿದರು, ಚಪ್ಪರದ ಆ ಬದಿ ನಕ್ಕಿತು. ನನಗೆ ಅರ್ಥವಾಗಲಿ ಎಂದು ಕನ್ನಡದಲ್ಲೂ ಹೇಳಿದರು.

"ನೋಡಿ ಇಲ್ಲಿ! ಮಗಳ ಮದುವೆಗೆ ಕರೆದು ಭಾವನ ಮೇಲೆ ಕೇಸು ಹಾಕುವ ಏರ್ಪಾಡು ಮಾಡಿದ್ದಾನೆ. ಊಟಕ್ಕೂ ಬಿಲ್ಲು ಉಂಟಾ?"

ಎಲ್ಲರೂ ನಕ್ಕರು, ಅವರು ಮಾತ್ರ ನಗಲಿಲ್ಲ. ಮಾಲೀಕರು ಓಡಿ ಬಂದರು. "ಬಿಡಿ ಭಾವ, ಬಿಡಿ. ಹುಡುಗಿಗೆ ಗೊತ್ತಾಗದೆ ತಂದದ್ದು." ನಾನು ಕಾಗದ ಮಡಚಿ ಚೀಲಕ್ಕೆ ಹಾಕಿ, ಕೊನೆಯ ಬೆಂಚಿನಲ್ಲಿ ಕೂತೆ. ಕೈಗಡಿಯಾರ ನೋಡಿಕೊಂಡೆ. 6.20. ಭಾವನ ವಿಮಾನ 30ರ ಬೆಳಿಗ್ಗೆ.

ಊಟದ ಹೊತ್ತಿಗೆ ಭಾವ ಕೈ ತೊಳೆದು, ತಾವಾಗಿಯೇ ಬಂದು ಬೆಂಚಿನ ಆ ತುದಿಯಲ್ಲಿ ಕೂತರು. ಬೇರೆಯೇ ಸ್ವರದಲ್ಲಿ ಕೇಳಿದರು.

"ಎಂತ ಮಾಲು?"

"ಹಾಳೆತಟ್ಟೆ. ಮಸ್ಕತ್ತಿಗೆ."

"ನನ್ನ ಗೋಡೌನಿನಲ್ಲಿ ಎಷ್ಟು ದಿನ?"

"ಮೂರೋ ನಾಲ್ಕೋ."

"ತಟ್ಟೆಯಲ್ಲಿ ತೇವ ಇದ್ರೆ ಕಂಟೈನರಿನ ಒಳಗೇ ಫಂಗಸ್ ಬರ್ತದೆ. ಹಡಗಿನಲ್ಲಿ ಅದು ಬೇಯುವ ಹಾಗೆ ಆಗ್ತದೆ, ಗೊತ್ತುಂಟಾ? ಬಾಗಿಲು ತೆಗೆಯುವವ ನಾನು. ಫಂಗಸ್ ಕಾಣುವುದು ನನ್ನ ಅಂಗಳದಲ್ಲಿ. ಆಗ ನಿನ್ನ ಏಳನೇ ಕಲಂ ಯಾರ ಕುತ್ತಿಗೆಗೆ?"

ಕರಡು ಮಾಡುವಾಗ ನಾನು ಅಕ್ಕನ ಕಡೆಯಿಂದ ಯೋಚಿಸಿದ್ದೆ, ನಮ್ಮ ಕಡೆಯಿಂದ ಯೋಚಿಸಿದ್ದೆ. ಬಾಗಿಲು ತೆಗೆಯುವವನ ಕಡೆಯಿಂದ ನೋಡಿರಲಿಲ್ಲ.

"ಹಾಗಾದರೆ ಎಂತ ಬರೆಯಬೇಕು, ಅಂಕಲ್?"

"ತುಂಬುವಾಗ ಮೀಟರಿನಲ್ಲಿ ಅಳತೆ ಮಾಡಿ. ಅದನ್ನು ಸಾಗಣೆ ಪತ್ರದಲ್ಲಿಯೇ ಬರೆಯಿರಿ. ಅಳತೆ ಬರೆಯದ ಮಾಲಿಗೆ ನಾನು ಹೊಣೆ ಅಲ್ಲ. ಇದು ಎಂಟನೇ ಕಲಂ. ಅದು ಇದ್ರೆ ಏಳಕ್ಕೆ ನನ್ನ ತಕರಾರಿಲ್ಲ." ಮತ್ತೆ ಹೇಳಿದರು. "ನಂಬಿಕೆ ಇಲ್ಲ ಅಂತ ಬೇಜಾರಾದದ್ದು ಅಲ್ಲ ಮಗ. ನಂಬಿಕೆ ಇದ್ದದ್ದಕ್ಕೇ ಇಷ್ಟು ವರ್ಷ ಒಂದು ಪೆಟ್ಟಿಗೆಯನ್ನೂ ಎಣಿಸಿ ತೆಗೊಂಡದ್ದಿಲ್ಲ. ಈಗ ಎಣಿಸ್ಲಿಕ್ಕೆ ಹೇಳ್ತಾ ಇದ್ದೀರಿ. ಆಗ್ಲಿ, ಎಣಿಸುವ. ಆದ್ರೆ ಎರಡೂ ಕಡೆ ಎಣಿಸುವ."

ಮರುದಿನ ಎಂಟನೇ ಕಲಂ ಸೇರಿಸಿದ ಹೊಸ ಪ್ರತಿಯನ್ನು ಇಗರ್ಜಿಗೆ ಒಯ್ದೆ. ಪೂಜೆ ಮುಗಿದು ಎಲ್ಲರೂ ಫೋಟೋಕ್ಕೆ ನಿಂತಿದ್ದಾಗ ಭಾವ ಕೋಟಿನ ಜೇಬಿನಿಂದ ಪೆನ್ನು ತೆಗೆದು ಎಲ್ಲ ಪುಟಕ್ಕೂ ಸಹಿ ಹಾಕಿದರು. ಸಾಕ್ಷಿ ಸಂಬಂಧಿಕರಾಗಬಾರದು ಎಂದರು. ಆ ಅಂಗಳದಲ್ಲಿ ಸಂಬಂಧಿಕರಲ್ಲದವರನ್ನು ಹುಡುಕುವುದೇ ಕಷ್ಟವಾಯಿತು. ಕೊನೆಗೆ ವಿಡಿಯೋದವರು ಕ್ಯಾಮೆರಾ ಕೆಳಗಿಟ್ಟು ಸಾಕ್ಷಿ ಹಾಕಿದರು. "ಮದುವೆ ರಿಜಿಸ್ಟರಿಗಾ?" ಎಂದು ಕೇಳಿದರು. ಅಲ್ಲ, ಹಾಳೆತಟ್ಟೆಗೆ ಎಂದೆ.

ಒಂದು ದೇಶ ಆಯಿತು.

ಏಪ್ರಿಲ್ 29, ಮಧ್ಯಾಹ್ನ. ಬಹರೈನಿನಿಂದ ಅಣ್ಣನ ಮಗನ ಕಾಗದದ ಚಿತ್ರ ಬಂತು. ಸಹಿ ಇತ್ತು. ಸೀಲ್ ಇತ್ತು. ಸೀಲನ್ನು ದೊಡ್ಡದು ಮಾಡಿ ನೋಡಿದೆ. ಅವನ ಸೂಪರ್ ಮಾರ್ಕೆಟಿನ ಹೆಸರು, ಕೆಳಗೆ ಇಂಗ್ಲಿಷಿನಲ್ಲಿ "ಮೀನು ವಿಭಾಗ, ಸ್ವೀಕರಿಸಲಾಗಿದೆ" ಎಂದಿತ್ತು.

"ಸೀಲ್ ಸೀಲೇ ಅಲ್ವಾ? ಮುಂಬಯಿಯವರು ಅಷ್ಟು ದೊಡ್ಡದು ಮಾಡಿ ನೋಡುವುದಿಲ್ಲ. ಹಾಕು," ಎಂದರು ಮಾಲೀಕರು. ಮದುವೆಯ ದಣಿವು ಅವರ ಮುಖದಲ್ಲಿ ಇನ್ನೂ ಇತ್ತು.

"ಸರ್, ಇದು ಏಜೆಂಟ್ ಅಲ್ಲ. ಲೈಸೆನ್ಸ್ ಇಲ್ಲ. ಹಾಕಿದ್ರೆ ಸುಳ್ಳು ದಾಖಲೆ ಆಗ್ತದೆ."

"ಹತ್ತು ವರ್ಷ ಅವ ಪೆಟ್ಟಿಗೆ ಮುಟ್ಟಿಸಿದ್ದು ಸುಳ್ಳಾ?"

"ಅದು ಸುಳ್ಳಲ್ಲ."

"ಮತ್ತೆ?"

ಅವನು ಮುಟ್ಟಿಸಿದ್ದು ನಿಜ. ಕಾಗದ ಸುಳ್ಳು. ಎರಡನ್ನೂ ಒಂದೇ ವಾಕ್ಯದಲ್ಲಿ ಹೇಗೆ ಹೇಳುವುದೆಂದು ಯೋಚಿಸುತ್ತಿರುವಾಗ ಅಕ್ಕ ಮೆಟ್ಟಿಲು ಹತ್ತಿ ಬಂದರು. ಭಾವನ ಎಂಟನೇ ಕಲಮಿಗಾಗಿ ತೇವಾಂಶದ ಮೀಟರ್ ಬೇಕೆಂದು ನಾನೇ ಬೆಳಿಗ್ಗೆ ಹೇಳಿದ್ದೆ. ಟಾರ್ಚಿನಷ್ಟು ದೊಡ್ಡ ಯಂತ್ರ, ತುದಿಯಲ್ಲಿ ಎರಡು ಸೂಜಿ. ಅದನ್ನು ಮೇಜಿನ ಮೇಲಿಟ್ಟು, ನಮ್ಮಿಬ್ಬರ ಮುಖ ನೋಡಿ ಕೂತರು. ಮಾಲೀಕರೇ ವಿಷಯ ಹೇಳಿದರು. ಮುಚ್ಚಿಡಲಿಲ್ಲ.

ಅಕ್ಕ ಪರದೆಯ ಹತ್ತಿರ ಬಾಗಿ ಸೀಲನ್ನು ಓದಿದರು.

"ನನ್ನ ಮಾಲಿಗೆ ದಾರಿಯಲ್ಲಿ ಎಂತಾದ್ರೂ ಆದ್ರೆ ನಾನು ನಿಮ್ಮನ್ನು ಕೇಳ್ತೇನೆ. ನೀವು ವಿಮೆಯವರನ್ನು ಕೇಳ್ತೀರಿ. ಅವರು ಮೊದಲು ನಿಮ್ಮ ರಿಜಿಸ್ಟ್ರೇಷನ್ ತೆಗೆದು ನೋಡ್ತಾರೆ. ಅದರ ಒಳಗೆ ಮೀನಿನ ಸೀಲ್. ಆಮೇಲೆ?"

ಅಕ್ಕ ಮಾಲೀಕರ ಕಡೆಗೆ ತಿರುಗಿದರು.

"ಸರ್, ನನ್ನ ಶೆಡ್ಡಿನಲ್ಲಿ ಈಗ ಕಾಲಿಡ್ಲಿಕ್ಕೆ ಜಾಗ ಇಲ್ಲ. ಪೂರಾ ತಟ್ಟೆ. ನಿಮ್ಮ ರಿಜಿಸ್ಟ್ರೇಷನ್ ನಿಧಾನಕ್ಕೆ ಆಗ್ಲಿ. ಮಳೆ ನಿಧಾನಕ್ಕೆ ಬರುವುದಿಲ್ಲ."

ಮಾಲೀಕರು ಕಿಟಕಿಯ ಹತ್ತಿರ ಹೋಗಿ ನಿಂತರು. ಕೆಳಗೆ ಕುಂಬಳೆ ಬಸ್ಸು ಬಂದು, ಜನ ಇಳಿಸಿ, ಹೋಯಿತು. ಮತ್ತೆ ಬಂದು ಫೋನ್ ಎತ್ತಿ ಮಂಗಳೂರಿನ ಕಂಪೆನಿಗೆ ಮಾಡಿದರು. ಫೆಬ್ರವರಿಯಲ್ಲಿ ಅವರ ಮೇಲೆ ರೇಗಿ ಫೋನ್ ಇಟ್ಟವರು ಇವರೇ.

"ನಮ್ಮ ಒಬ್ಬರು ಗಿರಾಕಿಯದ್ದು ಹಾಳೆತಟ್ಟೆ ಉಂಟು, ಮಸ್ಕತ್ತಿಗೆ. ನೀವೇ ಮಾಡಿಕೊಡಬೇಕು. ನೇರ ಅವರ ಹೆಸರಿಗೆ." ಆಚೆಯವರು ಏನೋ ಹೇಳಿದರು. "ಮೂರು ಸಾಗಣೆಯ ಒಪ್ಪಂದ ಅಲ್ವಾ, ಗೊತ್ತುಂಟು. ನನ್ನದೊಂದು ಮಾತು. ಮಾಲು ನಿಮ್ಮ ಗೋಡೌನಿಗೆ ಬರುವುದಿಲ್ಲ. ಶೆಡ್ಡಿನಲ್ಲೇ ಕಂಟೈನರ್ ತುಂಬುವುದು, ಅಲ್ಲಿಯೇ ಸೀಲ್ ಹಾಕುವುದು. ಲಾರಿ ನನ್ನದು. ಅಳತೆ ನಮ್ಮ ಹುಡುಗಿ ಮಾಡ್ತಾಳೆ. ತಟ್ಟೆಗೆ ಅರ್ಧ ಕಂಟೈನರ್ ಸಾಕು ಅಂತ ನೀವು ಹೇಳಿದ್ರೆ, ಉಳಿದರ್ಧಕ್ಕೆ ನಮ್ಮ ಪೆಟ್ಟಿಗೆ ಹಾಕುವುದಿಲ್ಲ, ನಿಮ್ಮ ಮಾಲು ತನ್ನಿ. ಒದ್ದೆ ಮಾಲು ಮಾತ್ರ ತರ್ಬೇಡಿ." ಒಪ್ಪಿಸಲು ಇಪ್ಪತ್ತು ನಿಮಿಷ ಹಿಡಿಯಿತು.

ಫೋನ್ ಇಟ್ಟು ಅಕ್ಕನಿಗೆ, "ಆಗ್ತದೆ ಅಂತ ಹೇಳಿದ್ದೆ. ನನ್ನಿಂದ ಆಗ್ಲಿಲ್ಲ. ಅವರಿಂದ ಆಗ್ತದೆ," ಎಂದರು.

ಅಕ್ಕ ಎದ್ದರು. "ಮೀಟರ್ ಇಲ್ಲಿಯೇ ಇರಲಿ," ಎಂದು ಹೇಳಿ ಹೋದರು.

ಆ ಸಂಜೆ ಮುಂಬಯಿಗೆ ಉತ್ತರ ಬರೆದೆ. ದುಬೈಯ ಏಜೆಂಟರ ಒಪ್ಪಂದವನ್ನೂ ಪರವಾನಗಿಯನ್ನೂ ಲಗತ್ತಿಸಿದೆ. ಬಹರೈನಿನ ಹೆಸರಿನ ಮುಂದೆ, ಈ ವ್ಯಕ್ತಿ ಕಾರ್ಗೋ ವ್ಯಾಪಾರದಲ್ಲಿ ಇಲ್ಲ, ಹೆಸರನ್ನು ಹಿಂತೆಗೆದುಕೊಳ್ಳುತ್ತೇವೆ, ಎರಡನೇ ದೇಶದ ಏಜೆಂಟರನ್ನು ನೇಮಿಸಲು ಕಾಲಾವಕಾಶ ಬೇಕು ಎಂದು ಬರೆದೆ. ಮಾಲೀಕರು ಆ ವಾಕ್ಯವನ್ನು ಮೂರು ಸಲ ಓದಿಸಿದರು. ಮೂರನೇ ಸಲ, "'ಈ ವ್ಯಕ್ತಿ' ಬೇಡ, 'ಶ್ರೀ' ಅಂತ ಹಾಕು. ಮನೆಯ ಹುಡುಗ," ಎಂದರು. ಹಾಕಿದೆ. 5.52ಕ್ಕೆ ಕಳಿಸಿದೆ.

ಮೇ 9ರಂದು ಅಕ್ಕನ ಶೆಡ್ಡಿನಲ್ಲಿ ಕಂಟೈನರ್ ತುಂಬಿದೆವು. ಹಿಂದಿನ ದಿನ ಗುಡುಗಿ ನಾಲ್ಕು ಹನಿ ಬಿದ್ದಿದ್ದರಿಂದ ಲಾರಿಗೂ ಶೆಡ್ಡಿಗೂ ನಡುವೆ ಟಾರ್ಪಾಲು ಕಟ್ಟಿದ್ದರು. ಪ್ರತಿ ಐದನೇ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ, ನಡುವಿನ ತಟ್ಟೆಗೆ ಸೂಜಿ ಚುಚ್ಚಿ, ಬಂದ ಅಂಕಿ ಬರೆದುಕೊಂಡೆ. ಶೇಕಡಾ ಹತ್ತರ ಮೇಲೆ ಹೋದದ್ದನ್ನು ಅಕ್ಕ ಬದಿಗಿಡಿಸಿದರು. ಅಂಥವು ಏಳು ಪೆಟ್ಟಿಗೆ. ಒತ್ತುವ ಹೆಂಗಸರಲ್ಲಿ ಒಬ್ಬರು, "ಡಾಕ್ಟ್ರು ಇಂಜೆಕ್ಷನ್ ಕೊಡುವ ಹಾಗೆ ಉಂಟು. ಜ್ವರ ಎಷ್ಟು ಉಂಟು ತಂಗಿ?" ಎಂದು ಕೇಳಿ ಎಲ್ಲರನ್ನೂ ನಗಿಸಿದರು. ಹಡಗು 13ರಂದು ಹೊರಟಿತು. ಸಾಗಣೆ ಪತ್ರದ ಮೇಲೆ ಮಂಗಳೂರಿನವರ ಹೆಸರು. ಬ್ಯಾಂಕು ಅದನ್ನು ಒಪ್ಪಿತು.

ಜೂನ್ ಮೊದಲ ವಾರ, ಇಲ್ಲಿ ಮಳೆ ಬಿಡದೆ ಸುರಿಯುತ್ತಿದ್ದಾಗ, ಅಕ್ಕ ನನಗೆ ಒಂದು ಫೋಟೋ ಕಳಿಸಿದರು. ಮಸ್ಕತ್ತಿನ ಗೋಡೌನಿನಲ್ಲಿ ಬಿಚ್ಚಿಟ್ಟ ಪೆಟ್ಟಿಗೆ, ಒಣ ತಟ್ಟೆ. ಪಕ್ಕದಲ್ಲಿ ನಿಂತವರು ಖರೀದಿದಾರನ ಪರವಾಗಿ ಮಾಲು ಬಿಡಿಸಿದ ಏಜೆಂಟರು. ಫೋಟೋದ ಕೆಳಗೆ ಅಕ್ಕ ಅವರ ನಂಬರ್ ಹಾಕಿ, "ಇವರಿಗೆ ಲೈಸೆನ್ಸ್ ಉಂಟು. ಕೇಳಿ ನೋಡು," ಎಂದು ಬರೆದಿದ್ದರು.

ಫೋನ್ ಮಾಡಿದೆ. ಅವರಿಗೂ ನಮಗೂ ಯಾವ ಪರಿಚಯವೂ ಇಲ್ಲ. ನಮಸ್ಕಾರ ಆದ ಕೂಡಲೇ ಅವರು ಕೇಳಿದ ಮೊದಲ ಪ್ರಶ್ನೆ, ಒಪ್ಪಂದದ ಕರಡು ಇದೆಯೇ ಎಂದು. ಇದೆ ಎಂದೆ. ಎರಡನೇ ದಿನ ಸಹಿಯಾಗಿ, ಸರಿಯಾದ ಸೀಲ್ ಬಿದ್ದು, ಪರವಾನಗಿಯ ಪ್ರತಿಯೊಂದಿಗೆ ಬಂತು. ಮಾಲೀಕರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇಷ್ಟೇಯಾ?" ಎಂದರು.

ಮುಂಬಯಿಯವರು ಕೊಟ್ಟ ಕಾಲಾವಕಾಶದೊಳಗೆ ಅದನ್ನು ಕಳಿಸಿದೆ. ನೋಂದಣಿ ಆಗಸ್ಟ್ 19ರಂದು ಬಂತು. ಮಾಲೀಕರು ಅದಕ್ಕೆ ಕಟ್ಟು ಹಾಕಿಸಿ, ಮೊದಲು ಎಸ್.ಟಿ.ಡಿ. ಬೂತಿನ ದರಪಟ್ಟಿ ಇದ್ದ ಮೊಳೆಗೆ ತೂಗುಹಾಕಿದರು.

ನಮ್ಮ ಸ್ವಂತ ಹೆಸರಿನ ಸಾಗಣೆ ಪತ್ರ ನಂಬರ್ ಒಂದು ಅಕ್ಕನಿಗೆ ಹೋಗಲಿಲ್ಲ. ಅವರ ಮೂರು ಸಾಗಣೆ ಮಂಗಳೂರಿನವರಲ್ಲಿ ಬಾಕಿ ಇತ್ತು. ಸೆಪ್ಟೆಂಬರಿನಲ್ಲಿ ದುಬೈಗೆ ಗಂಡನ ಮನೆ ಸೇರಿದ ಮಾಲೀಕರ ಮಗಳಿಗೆ ಅವಳ ತಾಯಿ ಕಳಿಸಿದ ನಾಲ್ಕು ಪೆಟ್ಟಿಗೆಗೆ ಆ ಪತ್ರ ಕೊಟ್ಟೆವು. ಪಾತ್ರೆ, ಬಟ್ಟೆ, ಉಪ್ಪಿನಕಾಯಿ, ಹಲಸಿನ ಹಪ್ಪಳ. ಒಪ್ಪಿಸುವ ಏಜೆಂಟರು ಭಾವ. ಈ ಸಲ ಹೆಬ್ಬೆರಳಿನ ಚಿತ್ರ ಬರಲಿಲ್ಲ. ಅವರ ಕಂಪೆನಿಯ ಕಾಗದದಲ್ಲಿ, ಸೀಲ್ ಸಹಿತ ಇ-ಮೇಲ್ ಬಂತು. ಪೆಟ್ಟಿಗೆ ನಾಲ್ಕು, ಎಣಿಸಿ ಪಡೆಯಲಾಗಿದೆ. ಎಂಟನೇ ಕಲಂ ಪ್ರಕಾರ ತೇವಾಂಶ ದಾಖಲಾಗಿಲ್ಲ. ಆದುದರಿಂದ ಹಪ್ಪಳಕ್ಕೆ ಏಜೆಂಟರು ಹೊಣೆಯಲ್ಲ.

ಮಾಲೀಕರು ಅದನ್ನು ಎರಡು ಸಲ ಓದಿ, ಫೋನ್ ಎತ್ತಲು ಕೈ ಚಾಚಿ, ಹಿಂದೆ ತೆಗೆದರು. "ಇ-ಮೇಲಿನಲ್ಲೇ ಉತ್ತರ ಕೊಡು. ಮುಂದೆ ಬರೆಯುತ್ತೇವೆ ಅಂತ," ಎಂದರು.

ಅಕ್ಕನ ಮೂರನೇ ಸಾಗಣೆ ಮೊನ್ನೆ ಹೊರಟಿತು. ಅವರ ಮೀಟರ್ ಈಗಲೂ ನನ್ನ ಮೇಜಿನ ಮೇಲೆಯೇ ಇದೆ. ಪ್ರತಿ ಸಲ ತುಂಬುವ ದಿನ ಅದನ್ನು ಹಿಡಿದುಕೊಂಡು ಅವರ ಶೆಡ್ಡಿಗೆ ಹೋಗುವವಳು ನಾನೇ. ಈ ಸಲ ಅದನ್ನು ಅವರಿಗೇ ಹಿಂತಿರುಗಿಸಲು ಹೋದೆ. ಅಕ್ಕ ಕೈ ನೀಡಲಿಲ್ಲ. "ನಾಲ್ಕನೇದಕ್ಕೆ ನಾನು ಬರ್ಲಿಕ್ಕೆ ಉಂಟಲ್ಲ ನಿಮ್ಮಲ್ಲಿಗೆ. ಅಲ್ಲಿಯೇ ಇಟ್ಟುಕೋ," ಎಂದರು.

ಹಾಗಾಗಿ ನನಗೆ ಈಗ ಉಳಿದಿರುವುದು ಒಂದು ಸಣ್ಣ ಕೆಲಸ. ಹಾಳೆತಟ್ಟೆಗೆ ಹತ್ತು ಎಂಬುದು ಅಕ್ಕನ ಅನುಭವದ ಅಂಕಿ. ಹಪ್ಪಳ, ಸಂಡಿಗೆ, ಒಣಮೀನು, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳ್ಕದ ಮೆಣಸು ಇವುಗಳಿಗೆ ಹಡಗಿನಲ್ಲಿ ಕಳಿಸುವಾಗ ತೇವಾಂಶ ಎಷ್ಟರೊಳಗೆ ಇರಬೇಕೆಂದು ನನಗೆ ಎಲ್ಲಿಯೂ ಸಿಕ್ಕಿಲ್ಲ. ಮನೆಯಲ್ಲಿ ಕೈಯಿಂದ ಮುರಿದು ನೋಡುವುದನ್ನು ಭಾವ ಒಪ್ಪುವುದಿಲ್ಲ. ಇಂಥ ಮಾಲನ್ನು ಅಳೆದು ಕಳಿಸಿದ ಅನುಭವ ಇದ್ದವರು, ಅಂಕಿ ಸಹಿತ, ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಬರುವ ಕಂಟೈನರ್ ತುಂಬುವ ಮೊದಲು ಸಿಕ್ಕಿದರೆ ಸಾಗಣೆ ಪತ್ರದಲ್ಲಿ ತೇವಾಂಶದ ಕಲಂ ಖಾಲಿ ಬಿಡಬೇಕಾಗುವುದಿಲ್ಲ.